ಸೋಗು ಇಳಿಯುವ ದಿನ

ಜೇವರ್ಗಿಯ ಓದುಗರೊಬ್ಬರು ಸೋಗು ಎಂಬ ಪದದ ಅರ್ಥವನ್ನೂ ಮೂಲವನ್ನೂ ತಿಳಿಸಬೇಕೆಂದು ಕೇಳಿದ್ದರು. ಕಲಬುರಗಿಯ ಪತ್ರಿಕೆಯೊಂದರಲ್ಲಿ ವಾರಕ್ಕೊಂದು ಪದದ ಬಗ್ಗೆ ಬರೆಯುವ ವಿಶ್ವಾರಾಧ್ಯನಿಗೆ ಅದು ಅರ್ಧ ಗಂಟೆಯ ಕೆಲಸ. ಅರ್ಥ ಬರೆಯುವುದೇನು ಕಷ್ಟ: ವೇಷ, ನಟನೆ, ಇಲ್ಲದ್ದನ್ನು ಇದೆಯೆಂದು ತೋರಿಸುವುದು. ಮೂಲ ಮಾತ್ರ ತಕರಾರಿನದು. ಗಡಿಯಾಚೆಯ ಮರಾಠಿಯಲ್ಲಿ ಸೋಂಗ, ಹಿಂದಿಯಲ್ಲಿ ಸ್ವಾಂಗ. ಸಂಸ್ಕೃತಕ್ಕೆ ಒಯ್ದು ಕಟ್ಟುವವರು ಸ್ವ ಮತ್ತು ಅಂಗ ಎಂದು ಬಿಡಿಸಿ ತನ್ನದೇ ಮೈ ಎಂದು ಅರ್ಥ ಹೇಳುತ್ತಾರೆ. ಅದನ್ನು ಒಪ್ಪದವರು ಸೊಗಸಿನ ಕಡೆಗೋ ನವಿಲಿನ ಸೋಗೆಯ ಕಡೆಗೋ ಕೈ ತೋರಿಸುತ್ತಾರೆ. ಇಷ್ಟು ಬರೆದು ಪೆನ್ನು ನಿಂತು ಎಂಟು ದಿನವಾಗಿತ್ತು. ಸುಳ್ಳು ಮುಖಕ್ಕೆ ತನ್ನದೇ ಮೈ ಎಂಬ ಹೆಸರು ಯಾಕೆ ಬಂದೀತು ಎಂಬ ಸಾಲಿನ ಮುಂದೆ ಏನು ಬರೆದರೂ ತನ್ನ ಬಗ್ಗೆಯೇ ಬರೆದಂತಾಗಿ ಹೊಡೆದು ಹಾಕುತ್ತಿದ್ದ. ಇವತ್ತು ಭಾನುವಾರ, ಸಂಜೆಯೊಳಗೆ ಕಳಿಸಲೇಬೇಕು. ಅದಕ್ಕಿಂತ ಮೊದಲು, ಹತ್ತಕ್ಕೋ ಹನ್ನೊಂದಕ್ಕೋ, ಅವನ ಅಪ್ಪ ಬಣ್ಣವಿಲ್ಲದ ಮುಖ ಹೊತ್ತು ಈ ಮನೆಯ ಬಾಗಿಲಿಗೆ ಬಂದು ನಿಲ್ಲುತ್ತಾನೆ.

ಆಳಂದದ ಓಣಿಗಳಲ್ಲಿ ಎಂಟು ದಿನದಿಂದ ಹಗಲುವೇಷದವನೊಬ್ಬ ತಿರುಗುತ್ತಿದ್ದ. ದಿನಕ್ಕೊಂದು ಮುಖ. ಮೊದಲ ದಿನ ಪೊಲೀಸ್ ಇನ್ಸ್‌ಪೆಕ್ಟರ್ ಆಗಿ ಬಂದು, ಪಕ್ಕದ ಮನೆಯ ನಿವೃತ್ತ ಬಸ್ ಕಂಡಕ್ಟರ್ ಜಹೀರುದ್ದೀನರ ಸ್ಕೂಟರಿನ ಕಾಗದ ಕೇಳಿ, ಅವರು ಬನಿಯನ್ನಿನಲ್ಲೇ ಓಡಾಡಿ ಟ್ರಂಕಿನ ತಳದಿಂದ ಮದುವೆಯ ಕಾಗದ ಸಹಿತ ತೆಗೆದು ತರುವಂತೆ ಮಾಡಿದ. ಎರಡನೆಯ ದಿನ ಕೊರವಂಜಿ; ವಿಶ್ವಾರಾಧ್ಯನ ಅತ್ತೆ ಸುಭದ್ರಾಬಾಯಿ ಅಂಗೈ ಚಾಚಿ ಮೊಮ್ಮಗಳ ಭವಿಷ್ಯ ಕೇಳಿ ಕಣ್ಣೊರೆಸಿಕೊಂಡರು. ಆಮೇಲೆ ಹಾವಾಡಿಗ, ಫಕೀರ, ಕರೆಂಟು ಕಡಿಯಲು ಬಂದ ಲೈನ್‌ಮನ್. ಅವನು ಓಣಿಯ ತಿರುವು ದಾಟಿದ ಮೇಲೆ ಯಾರಿಗೋ ಹೊಳೆದು, ಮೋಸ ಹೋದವರೆಲ್ಲ ಹೊಟ್ಟೆ ಹಿಡಿದು ನಗುತ್ತಿದ್ದರು. ಎಂಟು ದಿನ ಅವನು ಏನನ್ನೂ ಕೇಳುವಂತಿಲ್ಲ. ಒಂಬತ್ತನೆಯ ದಿನ ಬಣ್ಣ ತೊಳೆದು ಸ್ವಂತ ಮುಖದಲ್ಲಿ ಮನೆ ಮನೆಗೆ ಬಂದು, ಇನ್ಸ್‌ಪೆಕ್ಟರ್ ನಾನೇ ಇದ್ದೆ, ಕೊರವಂಜಿಯೂ ನಾನೇ ಎಂದು ಕೈ ಮುಗಿದು, ಕೊಟ್ಟ ಜೋಳವನ್ನೋ ಹಳೆಯ ಅಂಗಿಯನ್ನೋ ತೆಗೆದುಕೊಂಡು ಹೋಗುವುದು ಆ ಕಸುಬಿನ ಕಟ್ಟಳೆ. ವಿಶ್ವಾರಾಧ್ಯ ಈ ಎಂಟೂ ದಿನ ಕಿಟಕಿಯ ಪರದೆಯ ಹಿಂದೆ ನಿಂತು ನೋಡಿದ್ದ. ಮೊದಲ ದಿನ ಇನ್ಸ್‌ಪೆಕ್ಟರು ಮಾತಿಗೆ ಮೊದಲು ಗಂಟಲು ಸರಿಮಾಡಿಕೊಂಡ ಸದ್ದಿಗೇ ಅದು ಅಪ್ಪನೆಂದು ಅವನಿಗೆ ಗೊತ್ತಾಗಿತ್ತು. ಆದರೂ ಅಪ್ಪ ಬೂಟಿನ ಹಿಮ್ಮಡಿಯ ಮೇಲೆ ಗಿರಕ್ಕನೆ ತಿರುಗಿ ಹೊರಟಾಗ ಮನಸ್ಸಿನಲ್ಲೇ ಶಹಬ್ಬಾಸ್ ಎಂದುಬಿಟ್ಟಿದ್ದ. ಆ ಶಹಬ್ಬಾಸಿಗಾಗಿ ಅವನಿಗೆ ತನ್ನ ಮೇಲೆಯೇ ಹೇಸಿಕೆಯಾಯಿತು. ಹೆಂಡತಿ ವಿದ್ಯಾವತಿ ನಾಲ್ಕನೆಯ ದಿನ ಕೇಳಿದ್ದಳು, “ಇಡೀ ಓಣಿ ಹೊರಗ ನಿಂತು ನಗ್ತದ, ನೀವೊಬ್ಬರ ಯಾಕ ಒಳಗ ಕುಂದರ್ತೀರಿ?” ಅವನು ನಿಘಂಟು ತೋರಿಸಿದ.

ಚೌಡಾಪುರದ ರಸ್ತೆಯ ಬದಿಯಲ್ಲಿ, ಬಸ್ಸು ಬರುವ ಮುಂಚೆ, ಅಪ್ಪ ಅವನ ಹಣೆಗೆ ಮೂರು ಬೆರಳು ವಿಭೂತಿ ಎಳೆದಿದ್ದ. ಆಗ ಅವನಿಗೆ ಒಂಬತ್ತು ವರ್ಷ, ಹೆಸರು ಧರ್ಮರಾಜ. ದೂರದ ಒಂದು ಮಠದಲ್ಲಿ ಅಯ್ಯಗಳ, ಅಂದರೆ ಜಂಗಮರ, ಅನಾಥ ಮಕ್ಕಳಿಗೆ ಅನ್ನ ಹಾಕಿ ಶಾಲೆಗೆ ಕಳಿಸುತ್ತಾರೆಂದು ಅಪ್ಪ ಯಾವ ಊರಿನಲ್ಲೋ ಕೇಳಿ ತಿಳಿದಿದ್ದ. ಜಂಗಮರ ವೇಷ ಹಾಕಲು ಕಲಿತದ್ದನ್ನೆಲ್ಲ, ಗೋತ್ರ, ಸೂತ್ರ, ಪೂಜೆಯ ಮಾತು, ಜೋಳಿಗೆ ಹಿಡಿಯುವ ಬಗೆ, ಹದಿನೈದು ದಿನ ಕೂಡಿಸಿಕೊಂಡು ಹೇಳಿಕೊಟ್ಟ. “ಇನ್ನ ಮ್ಯಾಲ ನೀ ವಿಶ್ವಾರಾಧ್ಯ. ನಿಮ್ಮಪ್ಪ ಅಯ್ಯ ಇದ್ದ, ಸತ್ತಾನ. ಯಾರ ಕೇಳಿದ್ರೂ ಸತ್ತಾನ ಅನ್ನು. ಅಳು ಬಂದ್ರ ಅಳು, ಛಲೋ ಕಾಣ್ತದ.” ಅವನು ಅತ್ತ, ಚೆನ್ನಾಗಿಯೇ ಕಂಡಿತು. ಆಮೇಲೆ ಮೂವತ್ತೆರಡು ವರ್ಷ ಅಪ್ಪ ಒಂದು ಸಲವೂ ಕಣ್ಣಿಗೆ ಬೀಳಲಿಲ್ಲ. ಹುಡುಗ ಓದಿದ, ಆಳಂದದ ಕಾಲೇಜಿನಲ್ಲಿ ಕನ್ನಡ ಅಧ್ಯಾಪಕನಾದ. ಅಂದೋಲಾದ ತೊಗರಿ ವ್ಯಾಪಾರಿ ಶಾಂತಲಿಂಗಪ್ಪನವರು, ಹುಡುಗ ಅಯ್ಯನ ಮಗ, ಹಿಂದೆ ಮುಂದೆ ಯಾರೂ ಇಲ್ಲ, ತಮ್ಮ ಮಗಳು ಜಂಗಮರ ಮನೆ ಸೇರುವುದು ಪುಣ್ಯ ಎಂದು ವಿದ್ಯಾವತಿಯನ್ನು ಕೊಟ್ಟರು. ಆ ಅಳುವಿನ ಮೇಲೆ ಮತ್ತೆ ಸುಳ್ಳು ಹೇಳಿದ ನೆನಪೇ ಅವನಿಗಿಲ್ಲ, ಹೇಳಬೇಕಾಗಿಯೇ ಬರಲಿಲ್ಲ. ಜನ ನಮಸ್ಕಾರ ಮಾಡಿದಾಗ ಕೈ ಎತ್ತಿದರೆ ಸಾಕಿತ್ತು. ಒಂದನ್ನು ಮಾತ್ರ ಅವನು ಎಂದೂ ಮಾಡಿರಲಿಲ್ಲ. ಯಾರಾದರೂ ಪಾದಪೂಜೆಗೆ, ಲಿಂಗ ಕಟ್ಟಲು ಕರೆದರೆ, ನಾನು ಮಾಸ್ತರ ಮನುಷ್ಯ, ಅದೆಲ್ಲ ಮಠದವರಿಗೆ ಬಿಟ್ಟದ್ದು ಎಂದು ಜಾರಿಕೊಳ್ಳುತ್ತಿದ್ದ. ತನ್ನಲ್ಲಿ ಪ್ರಾಮಾಣಿಕತೆ ಎಂಬುದು ಇನ್ನೂ ಇಷ್ಟಾದರೂ ಉಳಿದಿದೆ ಎಂದು ಅದನ್ನೇ ತೋರಿಸಿ ತನ್ನನ್ನು ತಾನು ಸಮಾಧಾನ ಮಾಡಿಕೊಳ್ಳುತ್ತಿದ್ದ.

ಮದುವೆಯಾಗಿ ಹನ್ನೊಂದು ವರ್ಷಕ್ಕೆ ಹುಟ್ಟಿದ ಮಗಳು ಬಸವೇಶ್ವರಿಗೆ ಈಗ ಐದು ತಿಂಗಳು. ಹುಟ್ಟಿದ ಕೂಸು ಒಂದು ತಿಂಗಳು ಆಸ್ಪತ್ರೆಯ ಗಾಜಿನ ಪೆಟ್ಟಿಗೆಯಲ್ಲಿದ್ದುದರಿಂದ ಲಿಂಗ ಕಟ್ಟುವುದು ಹಿಂದೆ ಬಿದ್ದಿತ್ತು. ಬಾಣಂತನ ಮುಗಿಸಿ ಮಗಳನ್ನೂ ಮೊಮ್ಮಗಳನ್ನೂ ಕರೆತಂದ ಶಾಂತಲಿಂಗಪ್ಪ, ಕೂಸಿಗೆ ಅಪ್ಪನ ಮನೆಯಲ್ಲೇ ಲಿಂಗಧಾರಣೆ ಆಗಲಿ ಎಂದು ಲಿಂಗವಿಡುವ ಬೆಳ್ಳಿಯ ಕರಡಿಗೆ ಮಾಡಿಸಿಕೊಂಡೇ ಬಂದಿದ್ದರು. ಅದೂ ಇವತ್ತೇ. ಸ್ವಾಮಿಗಳೊಬ್ಬರು ಒಂಬತ್ತಕ್ಕೆ ಬರುವವರಿದ್ದರು. ಎದುರಿನ ಹಾಸಿಗೆಯ ಮೇಲೆ ಕೂಸು ಕಾಲು ಬಡಿಯುತ್ತಿತ್ತು. ಅದರ ಮೂಗಿನ ತುದಿ ಒಂದಿಷ್ಟು ಎಡಕ್ಕೆ ವಾಲಿತ್ತು, ಕಿವಿಯ ಹಾಲೆ ಕೆನ್ನೆಗೆ ಅಂಟಿತ್ತು. ತನ್ನ ಮೂಗು, ತನ್ನ ಕಿವಿ, ಅದಕ್ಕಿಂತ ಮೊದಲು ಅಪ್ಪನವು. ಮೂರು ಮುಖ ಒಂದೇ ಅಂಗಳದಲ್ಲಿ ನಿಂತರೆ ಮಾವನಂಥ ಮಾವ, ಕಾಳು ನೋಡಿಯೇ ಹೊಲ ಹೇಳುವ ಮನುಷ್ಯ, ಎಷ್ಟು ಹೊತ್ತು ಸುಮ್ಮನಿದ್ದಾರು? ವಿಶ್ವಾರಾಧ್ಯ ಎದ್ದು, ಹಾಲು ತರುತ್ತೇನೆಂದು ಚೆರಗಿ ಹಿಡಿದು ಹೊರಬಿದ್ದ. ಏಳು ಗಂಟೆಯಾಗಿತ್ತು.

ಕಾಳಿನ ಮಾರುಕಟ್ಟೆಯಾದ ಗಂಜಿನ ಹಿಂದಿನ ಬಯಲಿನಲ್ಲಿ ಒಂದೇ ಗುಡಾರ. ಅಪ್ಪ ಹಣಮಂತ್ರಾಯ ಗುಡಾರದ ಗಳಕ್ಕೆ ಕಟ್ಟಿದ ಕನ್ನಡಿಯ ಮುಂದೆ ಕುಳಿತು ತಲೆಗೆ ಎಣ್ಣೆ ಹಚ್ಚಿಕೊಳ್ಳುತ್ತಿದ್ದ. ಮುಖ ತೊಳೆದಾಗಿತ್ತು. ಬಣ್ಣ ತಿಂದು ತಿಂದು ಚರ್ಮ ಸುಟ್ಟಂತಿದ್ದರೂ ಅದು ಅವನದೇ ಮುಖ, ಇನ್ನು ಇಪ್ಪತ್ತೈದು ವರ್ಷಕ್ಕೆ ತಾನು ಕ್ಷೌರದ ಕನ್ನಡಿಯಲ್ಲಿ ನೋಡಬೇಕಾದ ಮುಖ. ಬರುವಾಗ ಏನೇನೋ ಮಾತು ಜೋಡಿಸಿಕೊಂಡಿದ್ದ, ಕ್ಷಮಿಸು ಎಂಬುದೂ ಅದರಲ್ಲಿತ್ತು. ಅಪ್ಪನೇ ಮೊದಲು ಮಾತಾಡಿದ, ನಿನ್ನೆ ಸಂಜೆ ಭೇಟಿಯಾಗಿದ್ದವನ ಹಾಗೆ.

“ಬಾರೋ ಧರ್ಮ್ಯಾ. ಎಂಟ ದಿನಾ ಪರದೆ ಹಿಂದ ನಿಂತು ನೋಡಿದಿ. ಹ್ಯಾಂಗಿತ್ತು, ಇನ್ಸ್‌ಪೆಕ್ಟರಂದು?”

“ಮನಿಗೆ ಬರಬ್ಯಾಡ.” ಬಾಯಿಂದ ಬಂದದ್ದು ಇದೊಂದೇ.

ಅಪ್ಪ ಎಣ್ಣೆಯ ಕೈಯನ್ನು ಮೊಣಕೈಗೆ ಒರೆಸಿಕೊಂಡ. “ಚೌಡಾಪುರದಾಗ ಚಾದಂಗಡಿಯವ ಸೋಮವಾರಕ್ಕೊಮ್ಮೆ ನಿನ್ನ ಪೇಪರ್ ಓದಿ ಹೇಳ್ತಾನ. ನನಗೇನು ತಿಳಿಯಂಗಿಲ್ಲ. ಫೋಟೋ ನೋಡ್ತೇನಿ. ಈ ವಾರ ಯಾವ ಶಬ್ದ?”

“ಸೋಗು.”

ಅಪ್ಪ ನಕ್ಕ. ಹಲ್ಲು ಎರಡೋ ಮೂರೋ ಉಳಿದಿದ್ದವು. “ಅದನ್ನ ಪುಸ್ತಕದಾಗ ಹುಡಕ್ತಿಯೇನಲೇ? ತೆಗೆಯಾಕ ಬಂದ್ರ ಅದು ಸೋಂಗ. ಅಷ್ಟ ಬರಿ.”

“ನಮ್ಮ ಮಾವ ಅದಾರ. ನಿನ್ನ ಮುಖ ನೋಡಿದ್ರ ನನ್ನ ಸಂಸಾರ ಮುಗೀತು, ನೌಕರಿ ಮುಗೀತು. ಎಲ್ಲಾರ ಮನಿಗೂ ಹೋಗು, ನಮ್ಮದೊಂದು ಬಿಟ್ಟಬಿಡು.”

“ಒಂದ ಮನಿ ಬಿಟ್ರ ಓಣಿ ಮಂದಿ ಸುಮ್ಮನಿರ್ತಾರೇನು? ಆ ಮನಿ ಯಾಕ ಬಿಟ್ಟಿ ಅಂತ ಮೊದಲ ಕೇಳಾಂವ ಆ ಕಂಡಕ್ಟರ್.” ಅದೂ ಖರೆಯೇ ಇತ್ತು. ಅಪ್ಪ ದನಿ ಇಳಿಸಿದ. “ನನಗ ಜ್ವಾಳ ಬ್ಯಾಡ, ಅಂಗಿ ಬ್ಯಾಡ. ನಮ್ಮ ವೇಷದ ಮಂದಿ ಊರು ಹಂಚ್ಕೊಂಡಿರ್ತೇವಿ, ಈ ಊರು ನನ್ನ ಪಾಲಿಂದಲ್ಲ, ಕಾಕಾನ ಮಗ ಸತ್ತ ಮ್ಯಾಲ ಕೇಳಿ ತಗೊಂಡೇನಿ. ಕೂಸಿನ ಸಲುವಾಗಿ. ಒಮ್ಮೆ ನೋಡಿ, ತಲಿ ಮ್ಯಾಲ ಕೈ ಇಟ್ಟು, ಹೊಂಟೋಗ್ತೇನಿ.”

ವಿಶ್ವಾರಾಧ್ಯ ಆಗ ಅದನ್ನು ಹೇಳಿದ. ಹೇಳುವಾಗ ಅದು ಒಳ್ಳೆಯ ಉಪಾಯವೆಂದೇ ಅನ್ನಿಸಿತು. “ಹಂಗಾದ್ರ ಬಣ್ಣ ಹಚ್ಕೊಂಡ ಬಾ.”

“ಒಂಬತ್ತನೇ ದಿನಾ?” ಅಪ್ಪ ಕನ್ನಡಿಯ ಕಡೆಗೆ ತಿರುಗಿದ. ಹೊಸ ಅಂಗಿಯೊಂದು, ಮಡಿಕೆ ಬಿಚ್ಚದ್ದು, ಪೆಟ್ಟಿಗೆಯ ಮೇಲಿತ್ತು. ಬಣ್ಣವಿಲ್ಲದ ದಿನಕ್ಕೆಂದು ತೆಗೆದಿಟ್ಟದ್ದು. ಅದನ್ನು ಅಪ್ಪ ತುಸು ಹೊತ್ತು ನೋಡಿ ಪೆಟ್ಟಿಗೆಯೊಳಗೆ ಇಟ್ಟ. “ಐವತ್ತ ವರ್ಷದಾಗ ಮಾಡಿಲ್ಲ. ಇರ್ಲಿ. ಯಾವ ಸೋಂಗ ಹಾಕ್ಲಿ ಹೇಳು.”

“ಯಾವದಾರ ಹಾಕು.”

“ಯಾವದಾರ ಹಾಕಿದ್ರ ಕೂಸಿನ ಯಾರು ಕೊಡ್ತಾರ ಕೈಯಾಗ?”

ಯಾವ ವೇಷಕ್ಕೆ ಕೊಡುತ್ತಾರೆ ಎಂದು ಇಬ್ಬರಿಗೂ ಗೊತ್ತಿತ್ತು. ವಿಶ್ವಾರಾಧ್ಯ ಚೆರಗಿ ಎತ್ತಿಕೊಂಡ. ಹಿಂದಿನಿಂದ ವಿಭೂತಿ ಗಟ್ಟಿಯನ್ನು ಕಲ್ಲಿನ ಮೇಲೆ ತೇಯುವ ಸದ್ದು ಬಂತು. ಹಾಲಿನ ಅಂಗಡಿಯ ಮುಂದೆ ನಿಂತಾಗ, ಇಡೀ ಮಾತುಕತೆಯಲ್ಲಿ ಅಪ್ಪಾ ಎಂದು ತಾನು ಒಮ್ಮೆಯೂ ಕರೆಯಲಿಲ್ಲವೆಂದು ಹೊಳೆಯಿತು. ಹಿಂದಿರುಗಿ ಹೋಗಿ ಕರೆದು ಬರಬಹುದಿತ್ತು. ಹಾಲು ಒಡೆದೀತೆಂದು ಮನೆಗೆ ಬಂದ.

ಮನೆಯಲ್ಲಿ ಮಾವ ಫೋನ್ ಹಿಡಿದು ಅಂಗಳ ಅಳೆಯುತ್ತಿದ್ದರು. ಸ್ವಾಮಿಗಳ ಕಾರು ಅಫಜಲಪುರದ ಕಡೆ ಕೆಟ್ಟು ನಿಂತಿದೆಯಂತೆ, ಇವತ್ತು ಬರಲಾಗದು, ಬುಧವಾರ ನೋಡೋಣ ಎಂದಿದ್ದರಂತೆ. “ಬುಧವಾರ ಅಮಾಸಿ ಅದ. ಇವತ್ತಿನ ನಕ್ಷತ್ರ ಬಿಟ್ರ ಮತ್ತ ತಿಂಗಳ ಕಾಯಬೇಕು,” ಎಂದವರು ಅಳಿಯನ ಮುಖ ನೋಡಿದರು. ಆ ನೋಟ ಅವನಿಗೆ ಗೊತ್ತಿತ್ತು. ಈಗ ಬಾಯಿ ತೆರೆಯುತ್ತಾರೆ, ನೀವಽ ಕಟ್ಟರಿ ಅನ್ನುತ್ತಾರೆ. ಮಾಸ್ತರನೆಂಬ ನೆಪ ಇವತ್ತು ಹೆಣ್ಣು ಕೊಟ್ಟ ಮಾವನ ಮುಂದೆ, ತನ್ನದೇ ಮಗಳ ವಿಷಯದಲ್ಲಿ, ಯಾವ ಮುಖದಿಂದ ಹೇಳುವುದು? ಬೇರೆ ನೆಪ ಹುಡುಕುತ್ತಿದ್ದಾಗ ಬೀದಿಯಲ್ಲಿ ಘಂಟೆಯ ಸದ್ದು ಕೇಳಿಸಿತು. “ಕೋರಾನ್ನ ಭಿಕ್ಷಾ!” ಎಂಬ ಜಂಗಮರ ಕೂಗು, ತುಂಬಿದ, ಅವಸರವಿಲ್ಲದ ಕೂಗು, ಬಾಗಿಲ ಹತ್ತಿರವೇ ಬಂತು.

ಕಾವಿಯ ರುಮಾಲು, ಎಡಗೈಯಲ್ಲಿ ಬೆತ್ತ, ಹೆಗಲಿಗೆ ಜೋಳಿಗೆ, ಹಣೆ ತುಂಬ, ಕೆನ್ನೆಯವರೆಗೂ ವಿಭೂತಿ. ಮೂಗು ನೇರವಾಗಿತ್ತು. ಎಲ್ಲಿ ಬೆಳ್ಳಗೆ, ಎಲ್ಲಿ ತೆಳ್ಳಗೆ ಬಳಿದರೆ ವಾಲಿದ ಮೂಗು ನೇರ ಕಾಣುತ್ತದೆಂದು ಐವತ್ತು ವರ್ಷದ ಕೈಗೆ ಗೊತ್ತು. ಕಿವಿಯನ್ನು ರುಮಾಲು ಮುಚ್ಚಿತ್ತು. ಹಲ್ಲಿಲ್ಲದ ಬಾಯಿಗೆ ಬಿಳಿ ಗಡ್ಡ ಬಂದಿತ್ತು. ವಿಶ್ವಾರಾಧ್ಯನ ಜೀವ ಜಾಗಕ್ಕೆ ಬಂತು. ಇವನನ್ನು ಯಾರೂ ಗುರುತಿಸುವುದಿಲ್ಲ. ಶಾಂತಲಿಂಗಪ್ಪ ಫೋನನ್ನು ಜೇಬಿಗೆ ಹಾಕಿ ಎರಡೂ ಕೈ ಮುಗಿದರು. “ಬರ್ರಿ ಬರ್ರಿ, ಶಿವನ ಕಳಿಸಿದಂಗ ಬಂದ್ರಿ.” ಆದರೂ ವ್ಯಾಪಾರಿ ವ್ಯಾಪಾರಿಯೇ, ಗದ್ದುಗೆಯ ಮೇಲೆ ಕೂರಿಸುತ್ತಲೇ ಪರೀಕ್ಷೆ ಶುರು ಮಾಡಿದರು. ಯಾವ ಪೀಠ, ಯಾವ ಗೋತ್ರ, ಯಾವ ಸೂತ್ರ. ಅಯ್ಯ ಒಂದೊಂದಕ್ಕೂ ಕಣ್ಣು ಅರೆಮುಚ್ಚಿ, ಕೇಳಿದ್ದಕ್ಕಿಂತ ಒಂದೇ ಒಂದು ಮಾತು ಹೆಚ್ಚು ಹೇಳಿ ಉತ್ತರಿಸಿದ. ಮಾವ ಅಳಿಯನ ಕಿವಿಯಲ್ಲಿ ಹೇಳಿದರು, “ನೋಡ್ರಿ ಅಳಿಯಂದ್ರ, ಜಂಗಮ ಅಂದ್ರ ಹಿಂಗಿರಬೇಕು. ನೀವು ಇಷ್ಟ ಓದೀರಿ, ಈ ತೇಜಸ್ಸು ನಿಮ್ಮ ಮುಖದಾಗ ಇಲ್ಲ.” ಅವನಿಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ, ಇಂಥ ಹೊತ್ತಿನಲ್ಲೂ, ಹೊಟ್ಟೆಕಿಚ್ಚಾಯಿತು.

ತಾಮ್ರದ ತಾಟು ಬಂತು. ವಿದ್ಯಾವತಿ ಅಯ್ಯನ ಕಾಲುಗಳನ್ನು ತಾಟಿನಲ್ಲಿರಿಸಿ, ಪಕ್ಕದ ಬೆರಳಿನ ಮೇಲೆ ಹತ್ತಿ ಕೂತಿದ್ದ ಕಿರುಬೆರಳನ್ನು ಸರಿಸಿ ತೊಳೆದಳು, ವಿಶ್ವಾರಾಧ್ಯ ನೀರು ಹಾಕಿದ. ಮೂವತ್ತೆರಡು ವರ್ಷದ ಮೇಲೆ ಅಪ್ಪನ ಕಾಲು ಮುಟ್ಟುವುದು ಹೀಗೆ ಬಂದಿತ್ತು, ಮಾವ ಪಕ್ಕದಲ್ಲಿ ನಿಂತು ಹೇಗೆ ಮುಟ್ಟಬೇಕೆಂದು ಹೇಳಿಕೊಡುತ್ತಿರುವಾಗ. ಹಣೆ ಹಚ್ಚಿ ನಮಸ್ಕಾರ ಮಾಡಿದಾಗ ಅಳು ಒತ್ತಿ ಬಂತು. ಅದನ್ನು ಬಿಟ್ಟುಬಿಡಬಹುದಿತ್ತು, ಭಕ್ತಿಯೆಂದೇ ಎಲ್ಲರೂ ತಿಳಿಯುತ್ತಿದ್ದರು. ಹಾಗೆ ತಿಳಿಯುತ್ತಾರೆಂದು ಹೊಳೆದದ್ದೇ ಅಳು ಅಲ್ಲೇ ಬತ್ತಿಹೋಯಿತು. ಎಲ್ಲರೂ ಪಾದೋದಕ ಕುಡಿದರು. ಮಾವ ಎರಡು ಸಲ ಕುಡಿದು ಉಳಿದದ್ದನ್ನು ತಲೆಗೆ ಹಚ್ಚಿಕೊಂಡರು. ಸುಭದ್ರಾಬಾಯಿ ಕೂಸನ್ನು ತಂದು ಅಯ್ಯನ ತೊಡೆಯ ಮೇಲೆ ಮಲಗಿಸಿದರು. ಅಪ್ಪನ ಕೈ ಕೂಸಿನ ತಲೆಯ ಮೇಲೆ ಇಳಿದು ಅಲ್ಲೇ ಉಳಿಯಿತು. ಕೂಸು ಗಡ್ಡ ಹಿಡಿಯಲು ಹೋದಾಗ ಅವನು ತುಸು ಹಿಂದೆ ಸರಿದ, ಗೋಂದು ಇನ್ನೂ ಹಸಿಯಿದ್ದೀತು. ಇಷ್ಟಕ್ಕೆ ಮುಗಿದಿದ್ದರೆ ಎಲ್ಲರಿಗೂ ಒಳ್ಳೆಯ ದಿನವಾಗುತ್ತಿತ್ತು. ಅವನು ಬಂದದ್ದು ಇಷ್ಟಕ್ಕೇ.

ಶಾಂತಲಿಂಗಪ್ಪ ಕರಡಿಗೆಯನ್ನೂ ಶಿವದಾರವನ್ನೂ ತಟ್ಟೆಯಲ್ಲಿಟ್ಟು ಮುಂದೆ ತಂದರು. “ಕಟ್ಟಿ ಬಿಡ್ರಿ ಅಜ್ಜಾರ, ವ್ಯಾಳ್ಯಾ ಮೀರತದ.”

ಅಯ್ಯನ ಕೈ ಕೂಸಿನ ತಲೆಯಿಂದ ಎದ್ದಿತು. “ನಾ ದಾರಿ ಹೋಗಾಂವ, ಯಜಮಾನ್ರ. ನಿಮ್ಮ ಮನಿ ಗುರುಗಳು ಬಂದು ಕಟ್ಟಲಿ.”

“ಅವರು ಬರಂಗಿಲ್ರಿ. ನೀವು ಬಂದೀರಿ, ಮತ್ಯಾರ ಬೇಕು?”

ಅಪ್ಪ ಮಗನ ಕಡೆ ನೋಡಿದ. ಅದು ಕೇಳುವ ನೋಟ. ಏನಾದರೂ ಹೇಳಿ ನಿಲ್ಲಿಸು ಎಂಬ ನೋಟ. ತಿಂಗಳು ಕಾದರಾಯಿತು ಬಿಡಿರಿ ಎಂದು ಕೂಸಿನ ಅಪ್ಪ ಒಂದು ಮಾತು ಹೇಳಿದ್ದರೆ ಮಾವ ಗೊಣಗಿ ಸುಮ್ಮನಾಗುತ್ತಿದ್ದರು. ಆದರೆ ನಿಲ್ಲಿಸಿದರೆ ಆಮೇಲೆ ಆ ತಟ್ಟೆ ತನ್ನ ಮುಂದೆ ಬರುತ್ತದೆ ಎಂಬುದನ್ನು ವಿಶ್ವಾರಾಧ್ಯ ಅರೆಗಳಿಗೆಯಲ್ಲಿ ಲೆಕ್ಕ ಹಾಕಿದ. ಅಪ್ಪ ಕಟ್ಟಿದರೆ ಪಾಪ ಅಪ್ಪನದು. ಅವನು ಕಣ್ಣಿನಲ್ಲೇ ಸನ್ನೆ ಮಾಡಿದ: ಕಟ್ಟು, ಮುಗಿಸು, ಹೋಗು. ಸಾಲದೆಂದು ಬಾಯಿಬಿಟ್ಟೂ ಹೇಳಿದ, “ಕಟ್ಟರಿ ಅಜ್ಜಾರ. ನಾನೂ ಕೈ ಮುಗಿದು ಕೇಳ್ಕೋತೇನಿ.”

ಅಯ್ಯ ಕರಡಿಗೆ ತೆಗೆದುಕೊಂಡ. ಕೂಸಿನ ಕೊರಳ ಹತ್ತಿರ ಒಯ್ದ. ಅಲ್ಲಿಂದ ಅದನ್ನು ಮೆಲ್ಲಗೆ ತಟ್ಟೆಗೆ ಇಟ್ಟು, ಕೂಸನ್ನು ಎತ್ತಿ ವಿದ್ಯಾವತಿಯ ಕೈಗೆ ಕೊಟ್ಟು, ಎದ್ದು ನಿಂತು, ಗದ್ದುಗೆಯ ಮೇಲಿಂದ ನೆಲಕ್ಕೆ ಇಳಿದ. “ತಪ್ಪಾತ್ರಿ ಯಜಮಾನ್ರ. ನಾ ಅಯ್ಯ ಅಲ್ಲ. ವೇಷದಾಂವ. ಎಂಟ ದಿನದಿಂದ ನಿಮ್ಮ ಓಣಿಯಾಗ ತಿರಗಾಕತ್ತಾಂವ ನಾನಽ.” ಅವನ ದನಿ ಬದಲಾಗಿತ್ತು, ಗಂಟಲು ಸರಿಮಾಡಿಕೊಂಡ. “ನಾವು ರಾಜ ಆಗ್ತೇವಿ, ತಲಿ ಕಡಿಯಂಗಿಲ್ಲ. ಮದಿಮಗ ಆಗ್ತೇವಿ, ತಾಳಿ ಕಟ್ಟಂಗಿಲ್ಲ. ಇದನ್ನ ಕಟ್ಟಿದ್ರ ಈ ಕೂಸಿನ ಜನ್ಮಕ್ಕ ಮೋಸ ಮಾಡಿದಂಗಾಗತದ. ನನ್ನಿಂದ ಆಗಂಗಿಲ್ರಿ.”

ಯಾರಿಗೂ ಮೊದಲು ಅರ್ಥವಾಗಲಿಲ್ಲ. ಕೂಗು ಕೇಳಿ ಬಾಗಿಲಿಗೆ ಬಂದಿದ್ದ ಜಹೀರುದ್ದೀನ ಮಾತ್ರ ತೊಡೆ ತಟ್ಟಿ, “ಅರೆ ವಾಹ್! ಒಂಬತ್ತನೇ ದಿನಾನೂ ಸೋಂಗ!” ಎಂದು ನಕ್ಕು, ಶಾಂತಲಿಂಗಪ್ಪನವರ ಮುಖ ನೋಡಿ ನಿಲ್ಲಿಸಿದರು. ಮಾವ ಬಾಯಿಗೆ ಬೆರಳು ಹಾಕಿ ಅಂಗಳಕ್ಕೆ ಉಗುಳುತ್ತಿದ್ದರು.

“ಯಾರ ನೀರು ಕುಡಿಸಿದಿ ನನಗ? ಅಂದೋಲಾದಾಗ ನಾ ಹ್ಯಾಂಗ ಮುಖ ತೋರಿಸ್ಲಿ? ಮೊದಲ ನೀ ತೋರ್ಸು ಮುಖ. ಸುಭದ್ರಾ, ನೀರ ತಾ. ಬೂದಿ ತೊಳಿಲಿ. ಯಾವ ಊರಾಂವ, ಯಾರ ಮಗ, ನೋಡೇ ಬಿಡ್ತೇನಿ.”

ಅಪ್ಪ ಮುಖ ಒರೆಸಿಕೊಳ್ಳಲಿಲ್ಲ. ತನ್ನನ್ನು ಒಪ್ಪಿಸಿಕೊಂಡ ಯಾವ ವೇಷಗಾರನಾದರೂ ಮೊದಲು ಮಾಡುವ ಕೆಲಸ ಅದು. ಇವನು ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿ ನಿಂತಿದ್ದ. ಯಾಕೆ ನಿಂತಿದ್ದಾನೆಂದು ಆ ಅಂಗಳದಲ್ಲಿ ತಿಳಿದವನು ಒಬ್ಬನೇ. ಸುಭದ್ರಾಬಾಯಿ ಕೊಡ ತುಂಬಿ ತಂದರು. ಮಾವ ಅದನ್ನು ಕಸಿದುಕೊಂಡರು. ಒಂದು ಕೊಡ ನೀರು ಬಿದ್ದರೆ ಬೂದಿ ಹೋಗುತ್ತದೆ, ಗಡ್ಡ ಹೋಗುತ್ತದೆ, ಮೂಗು ಎಡಕ್ಕೆ ವಾಲುತ್ತದೆ. ವಿಶ್ವಾರಾಧ್ಯ ಮುಂದೆ ನುಗ್ಗಿ ಅಪ್ಪನ ಕೆನ್ನೆಗೆ ಹೊಡೆದ. ಮೊದಲ ಏಟು ನೀರು ತಪ್ಪಿಸಲಿಕ್ಕೆಂದೇ ಇತ್ತು. ಎರಡನೆಯದು, ಮೂರನೆಯದು ಯಾಕೆಂದು ಅವನಿಗೆ ಆಮೇಲೆ ಎಷ್ಟು ಯೋಚಿಸಿದರೂ ನೆಪ ಸಿಗಲಿಲ್ಲ. ಮಠದ ಪಂಕ್ತಿಯಲ್ಲಿ ನುಂಗಿದ ಅನ್ನ, ಸತ್ತಾನ ಎಂದು ಅತ್ತ ಅಳು, ಇವತ್ತಿನ ಹೊಟ್ಟೆಕಿಚ್ಚು, ತನಗಿಲ್ಲದ ಆ ಒಂದು ಹೆದರಿಕೆ ಈ ಮುದುಕನಿಗೆ ಇದ್ದದ್ದು, ಎಲ್ಲಕ್ಕೂ ಹೊಡೆದ. “ಕಳ್ಳ! ನಮ್ಮ ಮನಿಗೆ ಬಂದು ಸೋಂಗ ಹಾಕ್ತಿಯೇನಲೇ? ನಡಿ ಹೊರಗ!” ಎಂದು ಕೊರಳಪಟ್ಟಿ ಹಿಡಿದು ದಬ್ಬಿದ. ಅಪ್ಪ ಮೆಟ್ಟಿಲಿಂದ ಬೀದಿಗೆ ಬಿದ್ದ. ಬಿದ್ದವನು ನೋವಾದ ಮೊಣಕಾಲಿಗೆ ಕೈ ಹಾಕಲಿಲ್ಲ, ಹೊದ್ದ ಕಾವಿ ಬಟ್ಟೆಯನ್ನು ಸರಕ್ಕನೆ ಮುಖಕ್ಕೆ ಎಳೆದುಕೊಂಡ. ಜಹೀರುದ್ದೀನ ಬಗ್ಗಿ ಅವನ ತೋಳು ಹಿಡಿದು ಎಬ್ಬಿಸಿ, ವಿಶ್ವಾರಾಧ್ಯನಿಗೆ, “ಸರ್, ನಿಮ್ಮಪ್ಪನ ವಯಸ್ಸಿನಾಂವ ಅದಾನ್ರಿ,” ಎಂದರು. ಅಪ್ಪ ಬಟ್ಟೆಯೊಳಗಿಂದಲೇ, “ಇರ್ಲಿ ಬಿಡ್ರಿ ಸಾಹೇಬ್ರ, ಅವರದೇನು ತಪ್ಪಿಲ್ಲ. ಮನಿ ತಣ್ಣಗಿರ್ಲಿ,” ಎಂದು ಗೋಡೆ ಹಿಡಿದು, ಕಾಲೆಳೆಯುತ್ತ ಹೋದ. ಮಿಕ್ಕ ಮನೆಗಳ ಮುಂದೆ ನಿಲ್ಲಲಿಲ್ಲ.

ವಿಶ್ವಾರಾಧ್ಯ ತಿರುಗಿದಾಗ ಮಾವನ ಕಣ್ಣಲ್ಲಿ ನೀರಿತ್ತು. ಕೊಡ ಕೆಳಗಿಟ್ಟು ಬಂದು ಅವನ ಎರಡೂ ಕೈ ಹಿಡಿದುಕೊಂಡರು. ಬಲ ಅಂಗೈಗೆ ವಿಭೂತಿ ಅಂಟಿತ್ತು. “ಹನ್ನೊಂದು ವರ್ಷ ನಿಮ್ಮನ್ನ ಬರೇ ಮಾಸ್ತರ ಅಂತ ತಿಳಿದಿದ್ದೆ, ಅಳಿಯಂದ್ರ. ಜಂಗಮನ ರಕ್ತ ಅಂದ್ರ ಏನು ಅಂತ ಇವತ್ತ ನೋಡಿದೆ. ಸುಳ್ಳ ಅಯ್ಯನ ಕಂಡ್ರ ಖರೇ ಅಯ್ಯಗ ತಡಿಯಂಗಿಲ್ಲ. ಇನ್ನ ಯಾವ ಸ್ವಾಮಿನೂ ಬ್ಯಾಡ. ಕಟ್ಟರಿ ನೀವಽ.” ಬೇಡವೆನ್ನಲು ಅವನು ಬಾಯಿ ತೆರೆದ. ಬೇಡವೆನ್ನುವವನಿಗೆ ಈಗಷ್ಟೇ ಏನಾಯಿತೆಂದು ಅಂಗಳ ಪೂರ್ತಿ ನೋಡಿತ್ತು. ಅವನು ಗದ್ದುಗೆಯ ಮೇಲೆ ಕುಳಿತ. ಕೂಸನ್ನು ತೊಡೆಗೆ ಕೊಟ್ಟರು. ಶಿವದಾರ ಬೆರಳಿಗೆ ಬಂತು. ಗಂಟು ತಪ್ಪೀತು, ಮಂತ್ರ ಮರೆತೀತು ಎಂದುಕೊಂಡಿದ್ದ, ಹಾಗಾಗಲಿ ಎಂದೂ ಒಂದು ಕ್ಷಣ ಆಸೆಪಟ್ಟ. ಗಂಟು ಸರಿಯಾಗಿಯೇ ಬಿತ್ತು. ಕೂಸಿನ ಕಿವಿಯ ಹತ್ತಿರ ಬಾಗಿ, ಮೂರು ಸಲ, ಸ್ಪಷ್ಟವಾಗಿ ಮಂತ್ರ ಹೇಳಿದ. ಕೂಸು ಅವನ ಮೂಗು ಹಿಡಿದು ನಕ್ಕಿತು. ಎಲ್ಲರೂ ನಕ್ಕರು.

“ಆ ಕಳ್ಳನ ನೀರು ಕುಡಿದ ಬಾಯಿ ಅದ, ನಿಮ್ಮ ಪಾದೋದಕದಿಂದಲೇ ತೊಳ್ಕೋತೇನಿ,” ಎಂದರು ಮಾವ. “ವಿದ್ಯಾ, ತಾಟು ತಾ.”

ವಿದ್ಯಾವತಿ ತಾಟು ತಂದು ಮುಂದೆ ಕುಳಿತಳು. ತೊಳೆದು ತಂದಿದ್ದಳು, ನೀರು ಹೊಸದು. ಗಂಡನ ಬಲಗಾಲನ್ನು ಎತ್ತಿ ತಾಟಿನಲ್ಲಿರಿಸಿದಳು, ಆಮೇಲೆ ಎಡಗಾಲು. ನೀರು ಹಾಕಿ ಹಿಮ್ಮಡಿ ಉಜ್ಜಿದಳು, ಬೆರಳ ಸಂದು ಉಜ್ಜಿದಳು, ಉಜ್ಜುತ್ತಿದ್ದ ಕೈ ನಿಂತಿತು. ಪಕ್ಕದ ಬೆರಳಿನ ಮೇಲೆ ಹತ್ತಿ ಕೂತಿದ್ದ ಕಿರುಬೆರಳನ್ನು ಹಿಡಿದುಕೊಂಡಳು. ಮಾವ ಆಚೆ ಕೂಸಿನ ಕರಡಿಗೆ ಸರಿ ಮಾಡುತ್ತಿದ್ದರು. ಅವಳು ತಲೆ ಎತ್ತಲಿಲ್ಲ. ಅವನಿಗೊಬ್ಬನಿಗೇ ಕೇಳುವಂತೆ, “ಈ ಕಾಲು ಇವತ್ತ ಎರಡನೇ ಸಲ ತೊಳಿಯಾಕತ್ತೇನಿ ರೀ,” ಎಂದಳು.

ಅವನು ಕಾಲು ಎಳೆದುಕೊಳ್ಳಲು ನೋಡಿದ. ಅವಳು ಬಿಡಲಿಲ್ಲ. ಮುಗಿಯುವವರೆಗೆ ತೊಳೆದು, ಸೆರಗಿನಿಂದ ಒರೆಸಿ, ತಾಟನ್ನು ಎರಡೂ ಕೈಯಲ್ಲಿ ಎತ್ತಿ ಶಾಂತಲಿಂಗಪ್ಪನವರ ಮುಂದೆ ಹಿಡಿದಳು.

“ಕುಡೀರಿ ಅಪ್ಪಾ,” ಎಂದಳು.

ಅವರು ಕಣ್ಣು ಮುಚ್ಚಿ ಕುಡಿದರು.